ಪಡುವಣ ಕಿಟಕಿ ಇಡಿಸಿದ ಹಿರಿಯರಿಗೆ

ಇಸವಿ ೨೧೮೬, ಮೇ ತಿಂಗಳ ನಲವತ್ತೇಳನೆಯ ತಾರೀಕು
ಫರಸಿಗಣಿ ಓಣಿ, ಕಲಬುರಗಿ ಸೀಮೆ

ಈ ಮನೆ ಕಟ್ಟಿಸಿದ ಹಿರಿಯರಿಗೆ ಶರಣು.

ನನ್ನ ಅಕ್ಷರ ಕೆಟ್ಟದಾಗಿದೆ, ಕಾಗುಣಿತವೂ ಅಲ್ಲಲ್ಲಿ ತಪ್ಪಿರುತ್ತದೆ. ಕ್ಷಮಿಸಬೇಕು. ನಾನು ಕಲಿತದ್ದು ನಾಲ್ಕನೆಯ ತರಗತಿಯವರೆಗೆ. ನಮ್ಮ ಕಾಲದಲ್ಲಿ ಯಾರೂ ಕೈಯಿಂದ ಬರೆಯುವುದಿಲ್ಲ, ಮಾತಾಡಿದರೆ ಯಂತ್ರವೇ ಬರೆದುಕೊಳ್ಳುತ್ತದೆ. ಆದರೆ ನನಗೆ ಯಂತ್ರದ ಮುಂದೆ ಮಾತಾಡಲೂ ನಾಚಿಕೆ. ಅದಕ್ಕೇ ಪೆನ್ನು ಹಿಡಿದಿದ್ದೇನೆ. ನಿಮಗೆ ಗೊತ್ತಿಲ್ಲದ ಕೆಲವು ಮಾತು ನಡುವೆ ಬರುತ್ತವೆ. ಬಂದಾಗ ಬಿಡಿಸಿ ಹೇಳುತ್ತೇನೆ.

ತಾರೀಕು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಮೇ ತಿಂಗಳಿಗೆ ಐವತ್ತು ದಿನ. ಹಿಂದೆ ಜೂನ್ ಬಂದ ಕೂಡಲೇ ಜನ ಮುಗಿಲು ನೋಡಿ, ಮಳೆ ಎಲ್ಲಿ ಎಂದು ಕಚೇರಿಗೆ ಹೋಗಿ ಜಗಳ ತೆಗೆಯುತ್ತಿದ್ದರಂತೆ. ಮಳೆಯನ್ನು ಮುಂಚೆ ತರುವುದು ಆಗಲಿಲ್ಲ, ಜೂನನ್ನೇ ಹಿಂದಕ್ಕೆ ತಳ್ಳಿದರು. ಆಮೇಲೆ ಜಗಳ ನಿಂತಿತು. ಇನ್ನು ಈ ಪತ್ರ ನಿಮಗೆ ಹೇಗೆ ಮುಟ್ಟುತ್ತದೆ ಎಂದು ಕೇಳಿದರೆ, ನಮ್ಮ ಓಣಿಯ ಅಂಚೆಯವನು ಯಾವ ಪತ್ರವನ್ನೂ ಈವರೆಗೆ ಸರಿಯಾದ ದಿನಕ್ಕೆ ಮುಟ್ಟಿಸಿಲ್ಲ. ಇದೊಂದು ನೂರೈವತ್ತು ವರ್ಷ ಹಿಂದಕ್ಕೆ ಹೋದರೆ ಆಶ್ಚರ್ಯವಿಲ್ಲ.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಬಾಗಿಲ ಮೇಲೆ 'ಗುರುಕೃಪಾ' ಎಂದು ಕಲ್ಲಿನಲ್ಲಿ ಕೆತ್ತಿಸಿದ್ದೀರಿ, ಅದಿನ್ನೂ ಇದೆ. ನೀವು ಪಡುವಣ ಗೋಡೆಗೆ ಇಡಿಸಿದ ಆಳೆತ್ತರದ ಕಿಟಕಿಯೂ ಇದೆ. ಅದನ್ನು ಯಾಕೆ ಅಷ್ಟು ದೊಡ್ಡದು ಮಾಡಿಸಿದಿರೋ, ಅದೂ ಒಂದೇ ಪದರ ಗಾಜಿನದು, ಮೇಲೊಂದು ಸಜ್ಜಾ ಕೂಡ ಇಲ್ಲದೆ! ಹೊರಗೆ ನೋಡಲು ಅಂಥದ್ದೇನೂ ಇಲ್ಲ. ಹಳೆಯ ಕಲ್ಲುಗಣಿ, ಅದರ ದಂಡೆಗೆ ಒಂದು ಜಾಲಿ ಗಿಡ. ನಮ್ಮ ಆಯಿ, ಅಂದರೆ ನನ್ನ ಅಪ್ಪನ ತಾಯಿ, ನಿಮ್ಮನ್ನು ದಿನಾ ನೆನೆಯುತ್ತಾಳೆ. ಯಾವ ಮಾತಿನಿಂದ ಎಂದು ಬರೆಯಲಾರೆ.

ನಮ್ಮ ದಿನ ಹೇಗೆ ನಡೆಯುತ್ತದೆ ಎಂದು ಮೊದಲು ಹೇಳಬೇಕು. ಬೆಳಿಗ್ಗೆ ಹತ್ತಕ್ಕೆ ಸೈರನ್ ಆಗುತ್ತದೆ. ಅಲ್ಲಿಂದ ಸಂಜೆ ಐದರವರೆಗೆ ಬಿಸಿಲುಬಂದ್. ಎಲ್ಲರೂ ಒಳಗೆ ಇರಬೇಕು, ಬೀದಿಯಲ್ಲಿ ನಾಯಿಯೂ ಕಾಣುವುದಿಲ್ಲ. ಮನೆ ತಣ್ಣಗಿಡಲು ದಿನಕ್ಕೆ ಇಷ್ಟು ಎಂದು ಕರೆಂಟು ಅಳೆದು ಕೊಡುತ್ತಾರೆ, ಅದಕ್ಕೆ ತಂಪುಪಾಲು ಎನ್ನುತ್ತೇವೆ. ಸಂದು ಮುಚ್ಚಿದ ಮನೆಯಲ್ಲಿ ಅದು ಸಂಜೆತನಕ ಸಾಕಾಗಿ, ಮಜ್ಜಿಗೆ ತಣ್ಣಗೆ ಮಾಡುವಷ್ಟು ಉಳಿಯುತ್ತದೆ. ಸಂದು ಬಿಟ್ಟ ಮನೆಯಲ್ಲಿ ನಡುಮಧ್ಯಾಹ್ನಕ್ಕೇ ಮುಗಿಯುತ್ತದೆ. ಆಗ ಮನೆಮಂದಿ ಚಾಪೆ, ನೀರಿನ ಕೊಡ ಎತ್ತಿಕೊಂಡು, ತಲೆಗೆ ಒದ್ದೆ ಟವೆಲ್ ಹಾಕಿಕೊಂಡು, ಮಗ್ಗುಲ ಮನೆಗೆ ಓಡಬೇಕು. ಇದಕ್ಕೆ ತಂಪಿಗೆ ಹೋಗುವುದು ಎನ್ನುತ್ತಾರೆ. ಯಾರೂ ಬೇಡ ಎನ್ನುವುದಿಲ್ಲ. ಆದರೆ ಬಾಗಿಲ ಹತ್ತಿರವೇ ಕೂರಿಸುತ್ತಾರೆ, "ಯಾಕ್ರೀ, ಇವತ್ತೂ ಬಂದ್ರಿ?" ಎಂದು ನಗುನಗುತ್ತ ಕೇಳುತ್ತಾರೆ. ಆ ನಗುವನ್ನು ತಡೆದುಕೊಳ್ಳುವುದು ಬಿಸಿಲಿಗಿಂತ ಕಷ್ಟ.

ಆದ್ದರಿಂದ ನಮ್ಮಲ್ಲಿ ಹೆಣ್ಣು ಕೊಡುವವರು ಹೊಲ ನೋಡುವುದಿಲ್ಲ, ಕಿಟಕಿ ನೋಡುತ್ತಾರೆ. ಕಿಟಕಿ ಎಂದರೆ ಜೋಡಿಗಾಜು. ಎರಡು ಗಾಜು, ನಡುವೆ ಮೂರು ಬೆರಳು ಸಂದು, ಆ ಸಂದಿನಲ್ಲಿ ಬಿಗಿಯಾಗಿ ಕೂಡಿಹಾಕಿದ ಒಣಗಾಳಿ. ಬಿಸಿಲು ಹೊರಗಿನ ಗಾಜನ್ನು ಕಾಯಿಸುತ್ತದೆ, ಆ ಕಾವು ನಡುವಿನ ಗಾಳಿಯನ್ನು ದಾಟಿ ಒಳಗೆ ಬರಲು ತಿಣುಕುತ್ತದೆ. ಶಬ್ದವೂ ಹಾಗೆಯೇ. ಅದಕ್ಕೆ ಕೂಗುಶಾಸ್ತ್ರ ಎಂದು ಒಂದು ಪದ್ಧತಿ ಬಂದಿದೆ. ಹೆಣ್ಣಿನ ಕಡೆಯವರು ಸೈರನ್ನಿಗೆ ಮುಂಚೆ ಬಂದು ಗಂಡಿನ ಮನೆಯೊಳಗೆ ಕೂಡುತ್ತಾರೆ. ಬಿಸಿಲು ನೆತ್ತಿಯಿಂದ ಇಳಿಯುವ ಹೊತ್ತಿಗೆ ಗಂಡು ಹೊರಗೆ ಹೋಗಿ, ಕಿಟಕಿಯ ಎದುರು ನಿಂತು, ಮೂರು ಸಲ ಕೂಗಬೇಕು. ಹೆಣ್ಣು ಒಳಗಡೆ ಗಾಜಿನ ಹತ್ತಿರ ಕೂತಿರುತ್ತಾಳೆ. ಕೂಗು ಕೇಳಿದರೆ ಕೈ ಎತ್ತುತ್ತಾಳೆ. ಕೈ ಎದ್ದರೆ ಎಲ್ಲೋ ಸಂದು ಬಿಟ್ಟಿದೆ, ಸಂಬಂಧ ಬೇಡ ಎಂದು ಅರ್ಥ. ಮೀಟರಿನಿಂದ ಅಳೆಯಬಹುದಿತ್ತು, ಆದರೆ ಮೀಟರಿಗೆ ಒದ್ದೆ ಬಟ್ಟೆ ಸುತ್ತಿ ಮೋಸ ಮಾಡಿದವರು ಬಹಳ ಮಂದಿ.

ನನಗೆ ನೋಡಿದ ಹುಡುಗಿಯ ಹೆಸರು ಜಗದೇವಿ. ಬೆಳಗಿನ ಸಂತೆಯಲ್ಲಿ ಅವಳನ್ನು ಎಷ್ಟೋ ಸಲ ನೋಡಿದ್ದೆ. ಒಂದು ಸಲವೂ ಮಾತಾಡಿರಲಿಲ್ಲ. ಅವಳ ಕಡೆಯವರು ಬರುತ್ತಾರೆ ಎಂದು ಗೊತ್ತಾದಾಗ ನನಗೆ ಅನ್ನ ಸೇರಲಿಲ್ಲ. ನಿಮ್ಮ ದೊಡ್ಡ ಗಾಜನ್ನು ತೆಗೆಸಿ ಅಪ್ಪ ಜೋಡಿಗಾಜು ಹಾಕಿಸಿ ವರ್ಷವಾಗಿತ್ತು, ಕಿಟಕಿಗೆ ಹೆದರಬೇಕಾಗಿರಲಿಲ್ಲ. ನನಗೆ ಹೆದರಿಕೆ ಇದ್ದದ್ದು ಕೂಗಬೇಕಲ್ಲ ಎಂದು.

ಅವರು ಬರುವ ದಿನ ಬೆಳಿಗ್ಗೆ ಅವ್ವ ಕಿಟಕಿ ಒರೆಸಲು ಹೋದವಳು ಅಲ್ಲೇ ನಿಂತಳು. ಎಷ್ಟು ಒರೆಸಿದರೂ ಗಾಜಿನ ಮಬ್ಬು ಹೋಗುತ್ತಿರಲಿಲ್ಲ. ಹನಿಗಳು ಎರಡು ಗಾಜಿನ ನಡುವೆ ಇದ್ದವು.

"ಇದೇನಿದು, ಗಾಜು ಬೆವರ್ಲತ್ತದ!" ಎಂದಳು.

"ನಾವೆಲ್ಲ ಬೆವರ್ಲತ್ತೀವಿ, ಅದೊಂದು ಬೆವರಿದ್ರ ಏನಾಯ್ತು?" ಎಂದಳು ಆಯಿ, ತಿರುಗಿ ನೋಡದೆ.

ತಿರುಗಿ ನೋಡದೆ ಇದ್ದದ್ದರಿಂದಲೇ ಅವ್ವನಿಗೆ ಅನುಮಾನ ಬಂತು. ಬೀಗರಿಗೆ ಕೈಯಿಂದ ಹೊಸೆದ ಶ್ಯಾವಿಗೆ ಪಾಯಸ ಮಾಡಬೇಕು ಎಂದು ಆಯಿಯ ಆಸೆ. ಹೊರಗೆ ಒಣಹಾಕಿದರೆ ಗಣಿಯ ಧೂಳು ಬಂದು ಕೂಡುತ್ತದೆ, ಬಿಸಿಲುಬಂದ್‌ನಲ್ಲಿ ಕಾಯಲು ಯಾರೂ ಹೋಗುವಂತಿಲ್ಲ. ಅವಳು ಕಿಟಕಿ ಚೌಕಟ್ಟಿನ ಮೇಲಿನ ಪಟ್ಟಿಯನ್ನು ಚಾಕುವಿನಿಂದ ಎಬ್ಬಿಸಿ, ಕೋಲಿಗೆ ಹಸಿ ಶ್ಯಾವಿಗೆ ಹಾಕಿ, ಎರಡು ಗಾಜಿನ ನಡುವೆ ಇಳಿಬಿಟ್ಟಿದ್ದಳು. ಆಮೇಲೆ ಪಟ್ಟಿಯನ್ನು ಗೋಧಿಹಿಟ್ಟಿನ ಅಂಟಿನಿಂದ ಮೆತ್ತಿದ್ದಳು.

"ಮೂರು ಬೆರಳು ಜಾಗ ಸುಮ್ಮ್ ಬಿದ್ದಿತ್ತು," ಎಂದಳು. "ಧೂಳಿಲ್ಲ, ಕಾಗಿ ಇಲ್ಲ. ಇಷ್ಟು ಒಳ್ಳೆ ಜಾಗದಾಗ ಬರೇ ಗಾಳಿ ಇಟ್ಟೀರಿ. ಗಾಳಿ ಏನ್ ತಿನ್ಲಿಕ್ಕೆ ಬರ್ತದೇನು?"

ಅಪ್ಪ ಪಟ್ಟಿ ತೆಗೆಯಲು ಹೋದ. ಆಯಿಯ ಹಿಟ್ಟಿನ ಅಂಟು ಕಲ್ಲಾಗಿತ್ತು. ಅಷ್ಟರಲ್ಲಿ ಬೀಗರ ಗಾಡಿ ಬಂದೇ ಬಂತು. ಅಪ್ಪ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಹೇಳಿದ: "ತೋಟಪ್ಪಾ, ನಿನ್ನ ದನಿ ಹೆಂಗೂ ಯಾರಿಗೂ ಕೇಳಂಗಿಲ್ಲ. ಇಷ್ಟು ದಿನ ಅದಕ್ಕ ಬೈದೀನಿ. ಇವತ್ತು ಅದೇ ನಮ್ಮ ಮಾನ ಕಾಯ್ಬೇಕು. ದಿನಾ ಹೆಂಗ ಮಾತಾಡ್ತಿ, ಹಂಗೇ ಕೂಗು."

ಜಗದೇವಿಯ ಜೊತೆ ಅವಳ ಸೋದರಮಾವ ಅಣವೀರಪ್ಪ ಬಂದಿದ್ದರು. ಅವರು ನಾಲ್ಕು ಊರು ಕಂಡವರು, ಎದುರಿಗಿದ್ದವರು ಅದನ್ನು ಮರೆಯಲು ಬಿಡದವರು. ಬಂದವರೇ ಕಿಟಕಿಯ ಎದುರು ನಿಂತರು. ಮಬ್ಬಿನ ಹಿಂದೆ ಶ್ಯಾವಿಗೆ ಎಳೆಎಳೆಯಾಗಿ ಕಾಣುತ್ತಿತ್ತು.

"ಇದೇನ್ರೀ ಗೆರಿ ಗೆರಿ?"

"ಹೊಸಾ ನಮೂನಿ ಗಾಜ್ರೀ," ಎಂದಳು ಆಯಿ. "ಒಳಗೇ ಡಿಜೈನ್ ಬರ್ತದ."

ಅಣವೀರಪ್ಪನವರು ತಲೆದೂಗಿದರು. "ಹೌದೌದು. ನಾ ಹೈದರಾಬಾದಿನ್ಯಾಗ ನೋಡೀನಿ. ಭಾಳ ತುಟ್ಟಿ ಇದು."

ಹೊತ್ತು ಬಂತು. ಒದ್ದೆ ಟವೆಲ್ ಹೊದ್ದು ಹೊರಗೆ ಹೋಗಿ ನಿಂತೆ. ಚಪ್ಪಲಿಯೊಳಗಿನಿಂದಲೂ ನೆಲ ಸುಡುತ್ತಿತ್ತು. ಹೆಚ್ಚಿನ ಹುಡುಗರು ದೇವರ ಹೆಸರು ಕೂಗುತ್ತಾರೆ. ನಾನೂ ಬಾಯಿ ತೆರೆದೆ. ಉಸಿರು ಬಂತು, ದನಿ ಬರಲಿಲ್ಲ. ಬಿಸಿಲಿಗೆ ಗಾಜಿನ ಮಬ್ಬು ಅಲ್ಲಲ್ಲಿ ಆರಿ ಒಳಗಿನವರು ಕಾಣುತ್ತಿದ್ದರು, ಜಗದೇವಿಯ ಕೈ ಏಳಲಿಲ್ಲ. ಎರಡನೆಯ ಸಲವೂ ಅಷ್ಟೇ. ಅವಳ ಹಿಂದೆ ಅಪ್ಪನ ಮುಖ ಅರಳಿತ್ತು. ಅಣವೀರಪ್ಪನವರು ಆಗಲೇ ಎಲೆಅಡಿಕೆ ಕಡೆ ಕೈಚಾಚಿದ್ದರು. ಇನ್ನೊಂದು ಸಲ ಬಾಯಿ ತೆರೆದು ಮುಚ್ಚಿದ್ದರೆ ನನ್ನ ಮದುವೆ ಗೊತ್ತಾಗುತ್ತಿತ್ತು.

ಆಗ ಜಗದೇವಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. ಕುತ್ತಿಗೆ ಒರೆಸಿಕೊಂಡಳು. ಆಯಿ ಎಬ್ಬಿಸಿದ ಪಟ್ಟಿಯ ಸಂದಿನಿಂದ ಕಾವು ಒಳಗೆ ನುಗ್ಗಿ ಅವಳಿಗೇ ಹೊಡೆಯುತ್ತಿತ್ತು. ಆದರೂ ಶಾಸ್ತ್ರ ಕೆಡಬಾರದು ಎಂದು ಅವಳು ಅಲ್ಲಾಡದೆ ಕೂತಿದ್ದಳು. ಐವತ್ತು ದಿನದ ಮೇ ತಿಂಗಳು ಅವಳು ಹೀಗೆ ಕೂಡಬೇಕು, ನಡುಮಧ್ಯಾಹ್ನ ಚಾಪೆ ಎತ್ತಿಕೊಂಡು ಮಗ್ಗುಲ ಮನೆಯ ಬಾಗಿಲಿಗೆ ಹೋಗಿ ಆ ನಗು ನೋಡಬೇಕು ಎಂದು ನನಗೆ ಹೊಳೆಯಿತು. ಮುಂದೆ ಏನಾಯಿತು ನನಗೇ ಗೊತ್ತಿಲ್ಲ. ಹುಟ್ಟಿದಾಗಿನಿಂದ ಒಳಗೆ ಉಳಿದಿದ್ದ ದನಿಯೆಲ್ಲ ಒಮ್ಮೆಗೇ ಹೊರಗೆ ಬಂತು.

"ಕಿಟಕಿ ಕೆಟ್ಟದ! ಅದು ಡಿಜೈನ್ ಅಲ್ಲ, ಶ್ಯಾವಿಗಿ! ನಮ್ಮ ಆಯಿ ಒಣಹಾಕ್ಯಾಳ!"

ಜಗದೇವಿ ಎರಡೂ ಕೈ ಎತ್ತಿದಳು.

ಒಳಗೆ ಬಂದಾಗ ಮನೆಯಲ್ಲಿ ಗದ್ದಲವೋ ಗದ್ದಲ. ಅಪ್ಪ ಗೋಡೆಗೆ ಮುಖ ಮಾಡಿ ನಿಂತಿದ್ದ. ಅಣವೀರಪ್ಪನವರಿಗೆ ಕಿಟಕಿ ಕೆಟ್ಟದ್ದಕ್ಕಿಂತ ಹೈದರಾಬಾದಿನ ಮಾತು ಹೆಚ್ಚು ಉರಿಯುತ್ತಿತ್ತು. "ಮಂದಿನ್ನ ಮನಿಗಿ ಕರ್ದು ಹಿಂಗ ಮಾಡ್ತೀರೇನ್ರೀ? ಸೇಡಂದವರು ನಮ್ಮ ಹುಡುಗಿನ್ನ ಕೇಳ್ಲತ್ತಾರ. ಅಲ್ಲೇ ಕೊಡ್ತೀವಿ. ನಡಿಯವ್ವ ಜಗದೇವಿ!"

ಆದರೆ ಬಿಸಿಲುಬಂದ್ ಇತ್ತು. ಸಂಜೆತನಕ ಯಾರೂ ನಡೆಯುವಂತಿರಲಿಲ್ಲ. ಸಿಟ್ಟು ಮಾಡಿಕೊಂಡವರೂ ಅದೇ ಕೋಣೆಯಲ್ಲಿ ಕೂಡಬೇಕಾಯಿತು. ತುಸು ಹೊತ್ತಿಗೆ ತಂಪುಪಾಲು ಮುಗಿದು ಫ್ಯಾನೂ ನಿಂತಿತು. ಬೀಗರನ್ನು ಕರೆದುಕೊಂಡು ಮಗ್ಗುಲ ಮನೆಗೆ ತಂಪಿಗೆ ಹೋಗಲು ಅಪ್ಪನಿಗೆ ಮುಖವಿರಲಿಲ್ಲ.

"ಮಾಮಾ," ಎಂದಳು ಜಗದೇವಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಹೈದರಾಬಾದಿನ್ಯಾಗ ಆ ಗಾಜಿನ ಜೊತಿಗಿ ಹಾಲು ಸಕ್ಕರೀನೂ ಕೊಡ್ತಾರೇನ್ರೀ?"

ಮೊದಲು ನಕ್ಕವಳು ಆಯಿ. ಆಮೇಲೆ ಎಲ್ಲರೂ ನಕ್ಕರು. ಅಣವೀರಪ್ಪನವರು ಕೊನೆಗೆ ನಕ್ಕರು, ಅದೂ ಮೀಸೆಯ ಒಂದೇ ಕಡೆಯಿಂದ. ಜಗದೇವಿ ಆಗ ಗಟ್ಟಿಯಾಗಿ ಹೇಳಿದಳು: "ಸೇಡಂದವರ ಕಿಟಕಿ ಚಂದ ಇರಬಹುದು. ಅದು ಕೆಟ್ಟ ದಿನ ಆ ಹುಡುಗ ಕೆಟ್ಟದ ಅಂತ ಹೇಳ್ತಾನೋ ಇಲ್ಲೋ, ಯಾರಿಗಿ ಗೊತ್ತು? ಇವರು ರಿಪೇರಿ ಮಾಡ್ಲಿ. ಇನ್ನೊಮ್ಮಿ ಕೂಗ್ಲಿ." ಮಾವ ಒಪ್ಪಿದರು. ಮೇ ನಲವತ್ತಕ್ಕೆ ಮತ್ತೆ ಬರುತ್ತೇವೆ, ಆಗಲೂ ಕೈ ಎದ್ದರೆ ಸೇಡಂ ಎಂದರು.

ಆಮೇಲೆ ನಾನು ಮಾಡಿದ್ದು ಅದೊಂದೇ ಕೆಲಸ. ಪಟ್ಟಿ ಬಿಚ್ಚಿ ಶ್ಯಾವಿಗೆ ತೆಗೆದೆ. ಆಯಿ ಎಳೆ ಎಣಿಸುವವಳಂತೆ ನೋಡಿ ಇಸಿದುಕೊಂಡಳು. ಗಾಜುಗಳನ್ನು ಒರೆಸಿ, ಚೌಕಟ್ಟಿನೊಳಗೆ ಪಸೆ ಹೀರುವ ಮಣಿಗಳನ್ನು ಹೊಸದಾಗಿ ತುಂಬಿ, ರಬ್ಬರು ಕೂರಿಸಿ, ಸರಿಯಾದ ಅಂಟಿನಿಂದ ಮುಚ್ಚಿದೆ. ಬಾಗಿಲ ಕೆಳಗಿನ ಸಂದಿಗೆ ಹಳೆಯ ಸೀರೆಯನ್ನು ಉದ್ದಕ್ಕೆ ಸುತ್ತಿ ಹೊಲಿದು ಇಟ್ಟೆ. ಊದಿನಕಡ್ಡಿ ಹಚ್ಚಿಕೊಂಡು ಮನೆಯೆಲ್ಲ ತಿರುಗಿದೆ. ಹೊಗೆ ಎಲ್ಲಿ ವಾಲುತ್ತದೋ ಅಲ್ಲಿ ಸಂದು ಇರುತ್ತದೆ. ಸ್ವಿಚ್ ಪೆಟ್ಟಿಗೆಯ ಹಿಂದೆ ಒಂದು, ಮಾಡಿನ ಮೂಲೆಯಲ್ಲಿ ಒಂದು ಸಿಕ್ಕಿತು. ದೇವರ ಗೂಡಿನ ಹಿಂದೆ ನಿಮ್ಮ ಗೌಂಡಿ ಕೈ ಹಿಡಿಸುವಷ್ಟು ದೊಡ್ಡದೊಂದನ್ನು ಬಿಟ್ಟು ಮೇಲೆ ಸುಣ್ಣ ಹಚ್ಚಿ ಹೋಗಿದ್ದ. ನನ್ನ ಹಿಂದೆಯೇ ಆಯಿ ಬರುತ್ತಿದ್ದಳು. "ಇದನ್ನೂ ಮುಚ್ತೀಯಾ? ಇದರಾಗ ನನ್ನ ಎಲಿಚೀಲ ಹಿಡಿತಿತ್ತಲ್ಲೋ" ಎನ್ನುತ್ತಿದ್ದಳು.

ಮೇ ನಲವತ್ತಕ್ಕೆ ಅವರು ಬಂದರು. ನಾನು ಹೊರಗೆ ನಿಂತು ಮೊದಲ ಸಲ "ಜಗದೇವಿ" ಎಂದು ಕೂಗಿದೆ. ಅವಳ ಕೈ ಏಳಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಏಳಲಿಲ್ಲ. ಕಿಟಕಿ ನಿಜವಾಗಿಯೂ ಗಟ್ಟಿಯಾಗಿತ್ತು. ಹಿರಿಯರೇ, ಏನು ಹೇಳಿದರೂ ಅವಳಿಗೆ ಕೇಳುವುದಿಲ್ಲ ಎಂದು ಗೊತ್ತಾದ ಕೂಡಲೇ ನನ್ನ ನಾಚಿಕೆ ಎಲ್ಲಿ ಹೋಯಿತೋ! ಸಂತೆಯಲ್ಲಿ ಅವಳು ಬದನೆಕಾಯಿ ಆರಿಸುವುದನ್ನು ನೋಡಲೆಂದೇ ನಾನು ಬೇಡದ ಬದನೆಕಾಯಿ ಕೊಂಡದ್ದು ಹೇಳಿದೆ. ಅವಳು ಎರಡೂ ಕೈ ಎತ್ತಿದಾಗ ಬಳೆಗಳು ಮೊಣಕೈತನಕ ಜಾರಿದ್ದು ನನ್ನ ಕಣ್ಣಮುಂದಿನಿಂದ ಹೋಗಿಲ್ಲ ಎಂದು ಹೇಳಿದೆ. ಸೇಡಂ ಎಂಬ ಊರಿನ ಹೆಸರು ಕೇಳಿದರೆ ಹೊಟ್ಟೆ ಉರಿಯುತ್ತದೆ ಎಂದೂ ಹೇಳಿದೆ. ಮೂರನೆಯ ಕೂಗು ಎಷ್ಟು ಉದ್ದವಾಯಿತೆಂದರೆ, ಕೊನೆಗೆ ಅಪ್ಪ ಬಾಗಿಲು ತೆರೆದು ನನ್ನನ್ನು ಒಳಗೆ ಎಳೆದುಕೊಂಡ. ಜಗದೇವಿಯ ಕೈ ಮಡಿಲಲ್ಲೇ ಇತ್ತು.

ಮೂರೇ ದಿನಕ್ಕೆ ಮದುವೆಯಾಯಿತು. ಆದ ಮೇಲೆ ಅವಳು ಕೇಳಿದಳು: "ಅವತ್ತು ಅಷ್ಟೊತ್ತು ಏನ್ ಕೂಗಿದ್ರಿ?"

"ಉಳ್ಳಾಗಡ್ಡಿ ರೇಟು," ಎಂದೆ. ಬಾಯಿಗೆ ಬಂದದ್ದು ಈರುಳ್ಳಿಯೇ.

"ರೇಟು ಹೇಳಿದ್ರೂ ಕಣ್ಣಾಗ ನೀರು ಬರ್ತಾವೇನ್ರೀ?" ಎಂದಳು. ಅವಳಿಗೆ ಹೇಳಲಾಗದ್ದನ್ನು ನಿಮಗೆ ಬರೆಯುತ್ತಿದ್ದೇನೆ. ನೀವು ದೂರದವರು, ಎದುರಿಗೆ ಸಿಗುವುದಿಲ್ಲ.

ಈಗ ನನ್ನ ಬೇಡಿಕೆ. ನೀವಿನ್ನೂ ಮನೆ ಕಟ್ಟಿಸುತ್ತಿದ್ದರೆ ಪಡುವಣ ಕಿಟಕಿಯನ್ನು ಅರ್ಧ ಮಾಡಿಸಿ. ಮೇಲೆ ಒಂದು ಸಜ್ಜಾ ಇಡಿಸಿ. ಆಗುವುದಾದರೆ ಮೊದಲಿಗೇ ಎರಡು ಗಾಜು ಹಾಕಿಸಿ. ಮಾಡಿಗೆ ಬಿಳಿ ಬಣ್ಣ ಹೊಡೆಸಿ. ಗೌಂಡಿ ದೇವರ ಗೂಡಿನ ಕೆಲಸ ಮಾಡುವಾಗ ಹತ್ತಿರ ನಿಲ್ಲಿ. ಇಷ್ಟು ಮಾಡಿದರೆ ಆಯಿ ನಿಮ್ಮನ್ನು ಬೈಯುವುದನ್ನು ಬಿಡುತ್ತಾಳೆ, ನಾನು ಮಾತು ಕೊಡುತ್ತೇನೆ. ಆದರೆ ಯಾರಾದರೂ ಬಂದು ಆ ಗೋಡೆಗೆ ಕಿಟಕಿಯೇ ಬೇಡ, ಪೂರಾ ಮುಚ್ಚಿಬಿಡಿ ಎಂದರೆ ಮಾತ್ರ ಕೇಳಬೇಡಿ. ನಿಮ್ಮ ಕಾಲಿಗೆ ಬೀಳುತ್ತೇನೆ. ಕಿಟಕಿ ಇಲ್ಲದಿದ್ದರೆ ನಾನು ಎಲ್ಲಿ ನಿಂತು ಕೂಗಲಿ?

ಇವತ್ತು ಬೆಳಿಗ್ಗೆ ಬಿಸಿಲೇರುವ ಮುಂಚೆ, ತಂಗಾಳಿ ಒಳಗೆ ಬರಲಿ ಎಂದು ಆ ಕಿಟಕಿಯ ಕದ ತೆರೆದೆ. ಜಗದೇವಿ ಹೊರಗೆ ಅಂಗಳ ಗುಡಿಸುತ್ತಿದ್ದಳು. ಎಂದಿನ ನನ್ನ ಸಣ್ಣ ದನಿಯಲ್ಲೇ ಅವಳ ಹೆಸರು ಕರೆದು, ಚಹಾ ಆಗ್ಯದ ಎಂದೆ. ಅವಳು ಪೊರಕೆ ಕೆಳಗಿಟ್ಟು, ಕೈ ಎತ್ತಿದಳು.

ಇಂತಿ,
ತೋಟಪ್ಪ