ನಾನಂದ ‘ಆಯ್ತು’

ಮನೆ, ಮಂಗಳವಾರ ಬೆಳಿಗ್ಗೆ

ನನ್ನ ಪ್ರೀತಿಯ ಬಾಯಿಬಡುಕಿಗೆ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ದ್ವೀಪದ ಗಾಳಿಗೆ ಕಿವಿ ಮುಚ್ಚಿಕೊಂಡು ಓಡಾಡು ಎಂದರೆ ನೀನು ಕೇಳುವವಳಲ್ಲ. ಇಲ್ಲಿ ನಾನೂ ಪುಟ್ಟಿಯೂ ಚೆನ್ನಾಗಿದ್ದೇವೆ. ಅವಳ ಮುಂದಿನ ಹಲ್ಲು ಬಿದ್ದಿದೆ; ‘ಅಮ್ಮನ ಸ್ಟೇಷನ್’ ಎನ್ನಲು ಹೋಗಿ ಎದುರಿದ್ದವರ ಮೇಲೆಲ್ಲ ಉಗುಳುತ್ತಾಳೆ.

ಭಾನುವಾರ ಎಂದಿನಂತೆ ಬಂದರಿನ ರೇಡಿಯೊ ಕೋಣೆಯಲ್ಲಿ ಕೂತಿದ್ದೆ. “ರೀ, ಸ್ಟೇಷನ್ ಜವಾಬ್ದಾರಿ ನಂಗೇ ಕೊಡ್ತಾರಂತೆ. ಇನ್ನೂ ಎರಡು ವರ್ಷ ಇಲ್ಲೇ ಇರ್ಬೇಕಾಗುತ್ತೆ. ಒಪ್ಕೊಳ್ಲಾ?” ಎಂದು ನೀನು ಕೇಳಿದೆ. ನಾನು “ಆಯ್ತು” ಅಂದೆ. ಅಷ್ಟರಲ್ಲಿ ಬರೀ ಗರಗರ ಸದ್ದು, ಆಮೇಲೆ ಅದೂ ಇಲ್ಲ. ನಾನು ಎಷ್ಟು ಕೂಗಿದೆನೆಂದರೆ ಆಪರೇಟರ್ ಬಂದು ಮೈಕನ್ನೇ ಕಿತ್ತುಕೊಂಡರು.

ಸೂರ್ಯನ ಕಡೆಯಿಂದ ಬಿರುಗಾಳಿಯಂಥದ್ದು ಬಂದು ಭೂಮಿಯ ಕಾಂತಕ್ಷೇತ್ರ ಅಲ್ಲಾಡಿದೆ ಎಂದು ಅವರೇ ಹೇಳಿದ್ದು. ಆ ಗಲಾಟೆಯೆಲ್ಲ ಧ್ರುವಗಳ ಕಡೆ ತಾನೇ, ಭೂಮಧ್ಯರೇಖೆಯ ಪಕ್ಕದವರಾದ ನಮ್ಮ ತಂಟೆಗೆ ಯಾಕೆ ಬಂತು ಎಂದು ಜಗಳಕ್ಕೇ ನಿಂತೆ. ವಿದ್ಯುತ್ತಿನ ಸೆಳೆತ ಅಲ್ಲಿಂದ ನಿಮಿಷಗಳಲ್ಲಿ ಇಲ್ಲಿಗೂ ಮುಟ್ಟುತ್ತದಂತೆ. ನಮ್ಮ ಮಾತನ್ನು ಬಾಗಿಸಿ ಕೆಳಗೆ ಕಳಿಸುವ ಮೇಲಾಕಾಶದ ಅಯಾನುಗೋಳವನ್ನು, ನೀನು ದಿನವೂ ಅಳೆಯುವ ಅದೇ ಪದರವನ್ನು, ಅದು ಮೇಲೆತ್ತಿಬಿಡುತ್ತದಂತೆ. ಧ್ರುವಗಳ ಕಡೆಯಿಂದ ತಡವಾಗಿ ಬರುವ ಮೇಲಿನ ಗಾಳಿ ಅದನ್ನು ತೆಳ್ಳಗೂ ಮಾಡಬಹುದಂತೆ. ಇಷ್ಟು ವರ್ಷ ಸೀಲಿಂಗಿಗೆ ಬಣ್ಣ ಬಳಿದವನು ನಾನು, ಸೀಲಿಂಗೇ ಎದ್ದುಹೋದದ್ದನ್ನು ಕೇಳಿದ್ದು ಇದೇ ಮೊದಲು. ಒಂದೆರಡು ದಿನದಲ್ಲಿ ಸರಿಹೋಗುತ್ತದೆ ಎಂದರು.

ನನ್ನ ಚಿಂತೆ ಬೇರೆ. ನನ್ನ ಮಾತು ಮುಗಿದಾಗ ‘ಓವರ್’ ಎನ್ನಲು ನಾಚಿಕೆಯಾಗಿ ಪ್ರತಿಸಲ ‘ಆಯ್ತು’ ಎಂದೇ ಸರದಿ ಬಿಟ್ಟುಕೊಡುವವನು ನಾನು. ಸಿಟ್ಟು ಬಂದರೂ ‘ಆಯ್ತು ಬಿಡು’ ಎಂದು ಎದ್ದುಹೋಗುವವನು. ಭಾನುವಾರದ ಆ ‘ಆಯ್ತು’ ಆದಮೇಲೆ ಒಂದು ಮಾತೂ ಬರದಿದ್ದಾಗ ನೀನು ಏನೆಂದುಕೊಂಡೆಯೋ. ನಮ್ಮ ರೇಡಿಯೊ ಸರದಿ ಮತ್ತೆ ಭಾನುವಾರವೇ. ನಿನ್ನ ಒಪ್ಪಿಗೆ ಪತ್ರವೋ, ಇವತ್ತು ಹೊರಡುವ ಸಾಮಾನಿನ ಲಾಂಚಿನಲ್ಲೇ ವಾಪಸ್ ಬರಬೇಕಂತೆ. ಅದಕ್ಕೇ ಇದನ್ನು ಲಾಂಚಿನವನ ಕೈಗೆ ಕೊಡುತ್ತಿದ್ದೇನೆ.

ಪುಟ್ಟಿ ಮುತ್ತು ಕಳಿಸಿದ್ದಾಳೆ, ಪೊಟ್ಟಣದಲ್ಲಿ ಹಲ್ಲನ್ನೂ. ಮೈ ಕಡೆ ಗಮನವಿರಲಿ.

ನಿನ್ನ
ಮನೆಯವನು

ತಾ.ಕ.: ಲಾಂಚಿನವನು ಕೂಗುತ್ತಿದ್ದಾನೆ. ಭಾನುವಾರದ್ದು ‘ಒಪ್ಪಿಕೋ’ ಎನ್ನುವ ಆಯ್ತು. ನಿಮ್ಮ ಕ್ವಾರ್ಟರ್ಸಿನ ಸೀಲಿಂಗ್ ಕಿತ್ತುಬಂದಿದೆ, ಕೆಲಸದವರು ಸಿಗುವುದಿಲ್ಲ ಎಂದು ನೀನೇ ಗೊಣಗುತ್ತಿದ್ದೆಯಲ್ಲ, ಶಾಲೆಯೂ ಅಲ್ಲಿದೆ. ಮುಂದಿನ ಲಾಂಚಿಗೆ ನಾನೂ ಪುಟ್ಟಿಯೂ ಬರುತ್ತೇವೆ. ಮೇಲಿನ ಸೀಲಿಂಗ್ ನೀನು ನೋಡಿಕೋ, ಕೆಳಗಿನದು ನನಗೆ ಬಿಡು. ಆಯ್ತಾ?