ಫಿಯೋನಾಳ ಹೊಲಕ್ಕೆ ಮುಯ್ಯಾಳು

ಅಕ್ಟೋಬರ್ ೯, ಬೆಳಿಗ್ಗೆ

ಎಮ್ಮೆಗೆ ಮೇವು ಹಾಕಿ ಎಂಎಗೆ ಕೂತೆ. ಮಾಳಿಗೆಯ ಮೇಲೆ ಮಾತ್ರ ಸಿಗ್ನಲ್ — ಕಾನಹೊಸಹಳ್ಳಿಯ ಈ ಮನೆಯಲ್ಲಿ ಜಾಗತೀಕರಣಕ್ಕೆ ಸಿಕ್ಕಿರುವ ಜಾಗ ಅಷ್ಟೇ. ಆನ್‌ಲೈನ್ ಕೋರ್ಸಿನ ಹೆಸರು ‘ವಯಸ್ಕರ ಶಿಕ್ಷಣ ಮತ್ತು ಜಾಗತೀಕರಣ’. ಅತ್ತೆ ಉಚ್ಚಂಗೆಮ್ಮನವರ ಪ್ರಕಾರ ಮೊದಲನೆಯದು ನನಗೆ ತುರ್ತಾಗಿ ಬೇಕು, ಎರಡನೆಯದು ಯಾರಿಗೂ ಬೇಡ.

ಗುಂಪಿನ ಪ್ರಾಜೆಕ್ಟ್ ಕುಂಟುತ್ತಿದೆ. ಗ್ಲಾಸ್ಗೋದ ಫಿಯೋನಾ, ನೈರೋಬಿಯ ವಂಜಿರು, ನಾನು. ಒಬ್ಬೊಬ್ಬರಿಗೆ ಒಂದೊಂದು ಭಾಗ. ಒಬ್ಬಳು ಬಿದ್ದರೆ ಮೂವರೂ ಬಿದ್ದಂತೆ, ಮತ್ತೊಂದು ವರ್ಷ. ಮನೆಯಲ್ಲಿ ಒಪ್ಪಿರುವುದು ಈ ವರ್ಷಕ್ಕೆ ಮಾತ್ರ.

ಫಿಯೋನಾ ಇನ್ನೂ ಒಂದು ಸಾಲು ಬರೆದಿಲ್ಲ. ಒಬ್ಬಳೇ ಕೂತರೆ ಕೈಯೇ ಓಡುವುದಿಲ್ಲವಂತೆ. ವಂಜಿರು ಗರಂ — ಟ್ಯೂಟರ್ ಮೇಡಂಗೆ ದೂರು ಕೊಡೋಣ ಅನ್ನುತ್ತಾಳೆ.

ಅ. ೧೧, ಸಂಜೆ

ಮೀಟಿಂಗ್ ತಪ್ಪಿತು. ಪಕ್ಕದ ಹೊಲದ ಮೈಲಮ್ಮನಲ್ಲಿ ಶೇಂಗಾ ಕೀಳುತ್ತಿದ್ದೆ. ಹೋದ ವಾರ ಆಕೆ ನಮ್ಮ ಹೊಲಕ್ಕೆ ಬಂದಿದ್ದಳು, ಈ ವಾರ ನಾವು ಆಕೆಯದಕ್ಕೆ. ಮುಯ್ಯಾಳು. ಕೂಲಿ ಇಲ್ಲ, ಬುತ್ತಿ ಹೊಲದವರದು.

“ಮೀಟಿಂಗ್ ಐತ್ರಿ ಅತ್ತೀ.”

“ಇಲ್ಲೂ ಮೀಟಿಂಗೇ ಐತಿ. ಸಾಲು ಹಿಡಿ ಬಾರವಾ.”

ಹಿಡಿದೆ. ಬೆಳಿಗ್ಗೆ ಮೈಲಮ್ಮ ಹೊಲ ನೋಡಿ, ಇದೆಲ್ಲ ಯಾವಾಗ ಮುಗಿದೀತೆಂದು ಬದುವಿನ ಮೇಲೆ ಕುಸಿದಿದ್ದಳು. ಎಡಬಲಕ್ಕೆ ನಾವು ಕೂತದ್ದೇ ತಡ, ಆಕೆಯ ಕೈ ಎಲ್ಲರಿಗಿಂತ ಮುಂದೆ! ಅಲ್ಲೇ ಫಿಯೋನಾ ನೆನಪಾದಳು...

ಅ. ೧೨

ನಾವೂ ಮುಯ್ಯಾಳು ಮಾಡೋಣ ಎಂದು ಇಬ್ಬರಿಗೂ ಹೇಳಿದೆ. ವಂಜಿರು ಮೊದಲು ಗುರ್ ಎಂದಳು, ಆಮೇಲೆ ನಕ್ಕಳು. ಅವರ ಅಜ್ಜಿಯರೂ ಹೀಗೇ ಮಾಡುತ್ತಿದ್ದರಂತೆ. ಹಿಂದೆ ಬಿದ್ದ ಹೊಲ ಮೊದಲು: ಮೂವರೂ ಫಿಯೋನಾಳ ಭಾಗಕ್ಕೆ, ನಂತರ ವಂಜಿರುವಿನದಕ್ಕೆ, ಕೊನೆಗೆ ನನ್ನದಕ್ಕೆ.

ಅ. ೧೬

ಒಂದೇ ಫೈಲು, ಮೂರು ಕರ್ಸರ್. ಫಿಯೋನಾ ನಿಂತಲ್ಲಿ ನಾನು, ನಾನು ತಡವರಿಸಿದಲ್ಲಿ ವಂಜಿರು. ಈಗ ಫಿಯೋನಾಳನ್ನು ನಿಲ್ಲಿಸುವುದೇ ಕಷ್ಟ.

ಬುತ್ತಿ? ಹೊಲದೊಡತಿ ಫಿಯೋನಾ ಸೂಪಿನ ಬಟ್ಟಲನ್ನು ಕ್ಯಾಮೆರಾಕ್ಕೆ ಹಿಡಿದಳು. ಶೇಂಗಾ ಒಣಹಾಕಲು ಬಂದ ಅತ್ತೆ ಇಣುಕಿದರು.

“ಏನದು, ಗಂಜಿ ಏನು? ರೊಟ್ಟಿ ಇಲ್ಲಂದ್ರ ಆಳು ಓಡಿಹೋಕ್ಕಾರ ಅಂತ ಹೇಳು ಆಕಿಗೆ.”

ಹೇಳಿದೆ. ಪಾಪ, ಓಡಿಹೋಗಿ ಬ್ರೆಡ್ ತಂದಳು.

ಅ. ೨೪

ಮಂಡನೆ ಮುಗಿಯಿತು. ಟ್ಯೂಟರ್ ಕನ್ನಡಕ ತೆಗೆದರು. ಯಾರು ಯಾವ ಭಾಗ ಬರೆದಿದ್ದೀರಿ? ನಿಯಮದಂತೆ ಪ್ರತಿ ಭಾಗಕ್ಕೂ ಅಂಕ ಬೇರೆ; ಒಂದು ಬಿದ್ದರೆ ಮೂರೂ ಬಿದ್ದಂತೆ.

“ನಮಗೇ ಗೊತ್ತಿಲ್ಲ ಮೇಡಂ. ಯಾವುದನ್ನು ಬೇಕಾದರೂ ಯಾರನ್ನಾದರೂ ಕೇಳಿ,” ಎಂದೆ. ಧೈರ್ಯವೋ, ಮೊಂಡುತನವೋ.

ಕೇಳಿಯೇಬಿಟ್ಟರು! ನಮ್ಮೂರ ಹೆಂಗಸರು ಸಂಜೆಶಾಲೆಗೆ ಏಕೆ ಬರುವುದಿಲ್ಲ — ನನ್ನ ಭಾಗದ ಪ್ರಶ್ನೆ, ಫಿಯೋನಾಗೆ. ಕೈ ಓಡದವಳ ಬಾಯಿ ಓಡಿದ ಓಟ! “ಒಬ್ಬೊಬ್ಬರನ್ನೇ ಕರೆಯುತ್ತೀರಿ, ಅದಕ್ಕೇ ಬರುವುದಿಲ್ಲ. ಸಾಲು ಸಮೇತ ಕರೆಯಿರಿ.” ಮೇಡಂ ಬರೆದುಕೊಂಡರು. ಬೈಯುವುದಕ್ಕೋ, ಹೊಗಳುವುದಕ್ಕೋ...

ಅ. ೩೧, ಬೆಳಿಗ್ಗೆ

ಡಿಸ್ಟಿಂಕ್ಷನ್! ಮೂವರಿಗೂ, ಒಂದೇ ಅಂಕ! ಕುಣಿದೆ. ಕೆಳಗೆ ಅತ್ತೆಯ ತಲೆಗೆ ಮಣ್ಣು ಉದುರಿತು.

“ಮಾಳಿಗಿ ಬಿದ್ದೀತಲೇ! ಏನಾತು?”

“ಪಾಸಾದ್ವಿರಿ ಅತ್ತೀ, ಮೂರೂ ಮಂದಿ!”

ಮೇಲೆ ಬಂದರು. ಬೈಯಲಿಲ್ಲ, ಬಾಯಿಗೆ ಬೆಲ್ಲ ತುರುಕಿದರು. ಅಷ್ಟರಲ್ಲಿ ಫಿಯೋನಾಳ ವಿಡಿಯೋ ಕಾಲ್, ಹಿಂದೆಯೇ ವಂಜಿರು. ಅತ್ತೆ ಸೆರಗು ಸರಿಮಾಡಿಕೊಂಡು ಫೋನ್ ಕಸಿದುಕೊಂಡರು, ನಾನು ಇದನ್ನು ಬರೆಯುತ್ತಿದ್ದೇನೆ. ಅವರದು ಪೂರಾ ಕನ್ನಡ, ಅತ್ತ ಕಡೆಯಿಂದ ಬರೀ ‘ಯೆಸ್ ಯೆಸ್’. ದೇವರೇ, ಯಾವುದಕ್ಕೆಲ್ಲ ಒಪ್ಪಿಕೊಳ್ಳುತ್ತಿದ್ದಾರೋ, ಹೋಗಿ ನೋಡಬೇ—