ಅಳಲಾರದ ಕಣ್ಣಿಗೆ ‘ಧೂಳು’ ಎಂದು ಬರೆದವರಿಗೆ

ನಮ್ಮ ಭಾಗದ ಸರಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಮೂರು ಸಲ ನಿಮ್ಮ ಬಳಿ ಬಂದೆ, ಮೂರು ಸಲವೂ ಚೀಟಿಯಲ್ಲಿ ‘ಧೂಳು’ ಎಂದೇ ಬರೆದಿರಿ. ಇಂದು ನನ್ನ ಎಡಗಣ್ಣಿನ ಪಾರದರ್ಶಕ ಪರದೆಯ ಮೇಲೆ ಅಳಿಸಲಾಗದ ಬಿಳಿ ಕಲೆ ಇದೆ. ನಿಮ್ಮ ಕೈಬರಹಕ್ಕಿಂತ ಅದೇ ಸ್ಪಷ್ಟವಾಗಿದೆ.

ನಾನು ಗಡಿಯ ಈ ತೆಲುಗು ಸೀಮೆಯಲ್ಲಿ ಕನ್ನಡ ಶಾಲೆಯ ಶಿಕ್ಷಕಿ. ಕಣ್ಣು ಉರಿಯುತ್ತದೆ, ಬಾಯಿ ಒಣಗಿ ನೀರಿಲ್ಲದೆ ರೊಟ್ಟಿ ಇಳಿಯುವುದಿಲ್ಲ, ಬೆಳಿಗ್ಗೆ ಬೆರಳು ಮಡಚಲು ಬರುವುದಿಲ್ಲ ಎಂದೆ. ತಾವು ನಕ್ಕು, “ಕೀಲು ನೋವಿಗೆ ಕಣ್ಣಿನ ಡಾಕ್ಟ್ರ ಹತ್ರ ಯಾಕ ಬಂದ್ರಿ?” ಎಂದಿರಿ. ದೇಹವನ್ನು ಮೇಜಿಗೊಂದು ತುಂಡಾಗಿ ಕತ್ತರಿಸಿ ತರಬೇಕೆಂಬ ನಿಯಮ ನಮಗೆ ತಿಳಿದಿರಲಿಲ್ಲ.

ಅದೇ ವರ್ಷ ನಮ್ಮವ್ವ ತೀರಿಕೊಂಡಳು. ಎದೆ ಒಡೆಯುತ್ತಿತ್ತು, ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ನನ್ನ ತಮ್ಮ ಸೋಮೇಶ್ ಹತ್ತು ಜನರ ನಡುವೆ, “ಹೆತ್ತಾಕಿ ಹೋದ್ರೂ ಅಳಲಿಲ್ಲ, ಕಲ್ಲದಾಳ ಈಕಿ” ಎಂದ. ಎಂಟು ತಿಂಗಳು ನನ್ನೊಂದಿಗೆ ಮಾತಾಡಲಿಲ್ಲ.

ನೋವು ತಡೆಯಲಾರದೆ ನಾನು ಬಳ್ಳಾರಿಗೆ ಹೋದಾಗ ಕಣ್ಣಿನಲ್ಲಿ ಹುಣ್ಣಾಗಿತ್ತು. ಅಲ್ಲಿಯ ವೈದ್ಯೆ ಚೇತನಾ ನನ್ನ ಕೆಳರೆಪ್ಪೆಗೆ ಕಣ್ಣೀರು ಅಳೆಯುವ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕಾಯಿಸಿದರು. ಪಟ್ಟಿ ಹೆಚ್ಚುಕಡಿಮೆ ಒಣಗಿಯೇ ಹೊರಬಂತು. ರಕ್ತಪರೀಕ್ಷೆಯಾಯಿತು. ಶೋಗ್ರೆನ್ ಕಾಯಿಲೆ, ದೇಹದ ಕಾವಲುಪಡೆಯೇ ಕಣ್ಣೀರಿನ, ಜೊಲ್ಲಿನ ಗ್ರಂಥಿಗಳ ಮೇಲೆ ತಿರುಗಿಬೀಳುವ ರೋಗ. “ಮೊದಲೇ ಬಂದಿದ್ರ ಈ ಕಲೆ ಆಗ್ತಿರಲಿಲ್ಲರಿ” ಎಂದರು ಅವರು. ಮೊದಲೇ ಬಂದಿದ್ದೆ, ನಿಮ್ಮ ಬಳಿಗೆ.

ಆ ವರದಿಯನ್ನು ಸೋಮೇಶನ ಮುಂದಿಟ್ಟೆ. ಅವನು ಎರಡು ಸಲ ಓದಿ, “ಅಕ್ಕಾ, ನಾ ಏನೇನೋ ಅಂದುಬಿಟ್ನಲ್ಲಬೇ” ಎಂದು ನನ್ನ ಪಾಲಿನ ಅಳುವನ್ನೂ ತಾನೇ ಅತ್ತ. ತಮ್ಮನಿಗೆ ತಪ್ಪೊಪ್ಪಲು ಒಂದು ಹಾಳೆ ಸಾಕಾಯಿತು. ತಮಗೆ ಎಷ್ಟು ಬೇಕು?

ಇಷ್ಟೇ ಆಗಿದ್ದರೆ ಗಂಟೆಗೊಮ್ಮೆ ಹನಿ ಹಾಕಿಕೊಂಡು, ಬಿಸಿ ಬಟ್ಟೆಯ ಶಾಖ ಕೊಟ್ಟುಕೊಂಡು, ಫ್ಯಾನಿನ ಗಾಳಿ ತಪ್ಪಿಸಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ಕೀಲಿಗೆ ಕೊಟ್ಟ ಮಾತ್ರೆ ಕಣ್ಣಿನ ಹಿಂಪೊರೆಗೆ ತೊಂದರೆ ಮಾಡಬಹುದೆಂದು ವರ್ಷಕ್ಕೊಮ್ಮೆ ತಪಾಸಣೆ ಬೇಕು. ಅದಕ್ಕೆಂದು ಕಳೆದ ತಿಂಗಳು ನಿಮ್ಮಲ್ಲಿಗೆ ಬಂದೆ. ಸಾಲಿನಲ್ಲಿ ಆಸ್ಪರಿ ಕಡೆಯ ಹುಸೇನಮ್ಮ ನಿಂತಿದ್ದಳು. ಹತ್ತಿ ಬಿಡಿಸುವಾಕೆ, ಸೊಟ್ಟಗಾದ ಬೆರಳಲ್ಲಿ ನೀರಿನ ಬಾಟಲಿ, ಗಾಳಿಗೆ ಅಂಜಿ ಮುಚ್ಚಿದ ಕಣ್ಣು. “ಕಣ್ಣಾಗ ಮಣ್ಣು ಉಗ್ಗಿದಂಗ ಆಗತೈತ್ರಿ ಟೀಚರಮ್ಮ, ಅಳು ಬಂದ್ರೂ ನೀರ ಬರಂಗಿಲ್ಲ” ಎಂದಳು. ಆಕೆಯ ಜೊತೆಯೇ ನಾನೂ ನಿಮ್ಮ ಕೋಣೆಯೊಳಗೆ ಬಂದೆ.

ತಾವು ತಲೆ ಎತ್ತದೆ ತೆಲುಗಿನಲ್ಲಿ, “ದುಮ್ಮು ಪಡಿಂದಿ, ಕಡುಕ್ಕೋ” ಎಂದಿರಿ. ಧೂಳು ಬಿದ್ದಿದೆ, ತೊಳೆದುಕೋ ಎಂದು. ಕಾಗದದ ಪಟ್ಟಿ ಇಟ್ಟು ನೋಡಿ ಎಂದು ನಾನು ಕೈಮುಗಿದೆ. “ಮೀರೇ ಡಾಕ್ಟರಾ, ಟೀಚರಮ್ಮಾ?” ಎಂದಿರಿ. ಅಲ್ಲ ಸ್ವಾಮಿ, ನಾನು ವೈದ್ಯೆಯಲ್ಲ. ಆ ಕುರ್ಚಿಯಲ್ಲಿ ಕೂತಿದ್ದವರು ವೈದ್ಯರೇ ಎಂಬ ಅನುಮಾನ ಮಾತ್ರ ನನಗೂ ಬಂತು.

ನನ್ನ ತಪಾಸಣೆ ಬಿಟ್ಟು ಮರುದಿನವೇ ಹುಸೇನಮ್ಮನನ್ನು ಬಳ್ಳಾರಿಗೆ ಕರೆದೊಯ್ದೆ. ಆಕೆಯ ಪಟ್ಟಿಯೂ ಒಣಗಿಯೇ ಬಂತು. ಇನ್ನೂ ಹುಣ್ಣಾಗಿರಲಿಲ್ಲ. ಈಗ ಔಷಧಿ ನಡೆದಿದೆ, ಎರಡೂ ಕಣ್ಣು ಉಳಿದಿವೆ. ಇದರಲ್ಲಿ ನಿಮ್ಮ ವಿಭಾಗದ ಕೊಡುಗೆ ಏನೆಂದು ವಾರ್ಷಿಕ ವರದಿಯಲ್ಲಿ ದಯವಿಟ್ಟು ನಮೂದಿಸಿ.

ನನ್ನ ಬೇಡಿಕೆ ದೊಡ್ಡದಲ್ಲ. ಆ ಪಟ್ಟಿಗಳ ಒಂದು ಪೊಟ್ಟಣ ನಿಮ್ಮ ಮೇಜಿನ ಮೇಲಿರಲಿ. ಕಣ್ಣು, ಬಾಯಿ, ಕೀಲು ಮೂರನ್ನೂ ಹೇಳಿಕೊಂಡು ಬಂದವರನ್ನು ಕೀಲುವೈದ್ಯರ ಬಳಿಗೆ ಕಳಿಸಿ. ಐದು ನಿಮಿಷ ಕೊಡಲು ಪುರುಸೊತ್ತಿಲ್ಲದಿದ್ದರೆ ಚೀಟಿಯಲ್ಲಿ ಇನ್ನು ರೋಗದ ಹೆಸರು ಬರೆಯಬೇಡಿ. ‘ನಾನು ಪರೀಕ್ಷಿಸಿಲ್ಲ’ ಎಂದು ಬರೆದು ಸಹಿ ಹಾಕಿ. ಆಗ ಜನ ಬಳ್ಳಾರಿಯ ಬಸ್ಸನ್ನಾದರೂ ಹೊತ್ತಿಗೆ ಸರಿಯಾಗಿ ಹಿಡಿಯುತ್ತಾರೆ.

ಇಂತಿ,
ಒಂದೂವರೆ ಕಣ್ಣಿನಲ್ಲಿ ಬರೆದದ್ದರಿಂದ ಸಾಲುಗಳು ಓರೆಯಾಗಿದ್ದರೆ ಕ್ಷಮೆ ಕೋರುವ,
ಗುರುಶಾಂತಮ್ಮ